ಎದೆಮಟ್ಟ

ಸೇತುವೆ ಇದೆಯೋ ಕೊಚ್ಚಿಹೋಗಿದೆಯೋ ಎಂದು ನೋಡಲು ಜಯಸಿಂಹ ಬೆಳಗಿನ ಕಾಫಿಯನ್ನೂ ಕುಡಿಯದೆ ಯಲಹಂಕದಿಂದ ಸೈಕಲ್ ತುಳಿದ. ರಾತ್ರಿಯಿಡೀ ಮಳೆ ಹೊಡೆದಿತ್ತು. ಇಂಜಿನಿಯರಾಗಿ ಅವನು ಕಟ್ಟಿಸಿದ ಮೊದಲ ಸೇತುವೆ ಅದು. ಹೋದರೆ ಅದರ ಜೊತೆಗೆ ಅವನ ಕೆಲಸವೂ ಹೋಗುತ್ತಿತ್ತು.

ಸೇತುವೆ ಇತ್ತು! ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು, ಆದರೆ ತೊಲೆಗಿಂತ ಒಂದು ಗೇಣು ಕೆಳಗೆ. ಜಯಸಿಂಹ ಸೈಕಲ್ ಒರಗಿಸಿ ಸೇತುವೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಎರಡು ವರ್ಷದ ಹಿಂದೆ ನಕ್ಷೆ ನೋಡಿದ ಮೇಲಧಿಕಾರಿ, "ಏನಯ್ಯಾ, ಇದರ ಕೆಳಗೆ ಹಡಗು ಬಿಡ್ತೀಯಾ?" ಎಂದು ಎಲ್ಲರೆದುರು ನಕ್ಕಿದ್ದರು. ಈಗ ಬಂದು ನೋಡಲಿ.

ಹಾಲಿನ ಕ್ಯಾನು ಹೊತ್ತು ಮುನಿಯಲ್ಲಮ್ಮ ಆಚೆ ದಡದಿಂದ ಸೇತುವೆಯ ಮೇಲೆ ಬಂದಳು. ಹಳ್ಳದ ನೀರಿನ ಲೆಕ್ಕ ಯಾವ ಕಚೇರಿಯಲ್ಲೂ ಇರಲಿಲ್ಲವಾದ್ದರಿಂದ ನಕ್ಷೆ ಬರೆಯುವ ಮೊದಲು ಜಯಸಿಂಹ ಕೇಳಿದ್ದು ಇವಳನ್ನೇ. ದಡದ ಮುನೇಶ್ವರನ ಕಲ್ಲಿನ ಪಕ್ಕ ನಿಂತು, ಹಿಂದೊಮ್ಮೆ ಹಳ್ಳ ಉಕ್ಕಿದಾಗ ನೀರು ಇಲ್ಲಿಗೆ ಬಂದಿತ್ತೆಂದು ಎದೆ ಮುಟ್ಟಿ ತೋರಿಸಿದ್ದಳು. ಅವನು ಅಲ್ಲೇ ಟೇಪು ಹಿಡಿದು ಅಳೆದು, ಕಲ್ಲಿನ ಮೇಲೆ ಗುರುತು ಹಾಕಿ, ಆ ಮಟ್ಟಕ್ಕೆ ಎರಡಡಿ ಸೇರಿಸಿ ತೊಲೆಯ ಎತ್ತರ ಗೊತ್ತುಮಾಡಿದ್ದ.

"ಅಜ್ಜೀ, ನಿಮ್ಮ ಮಾತು ಸೇತುವೆ ಉಳಿಸ್ತು ನೋಡಿ!"

"ನಂದೇನೈತೆ ಸಾಮಿ. ಆದ್ರೆ ಇಂಗೆ ನೀರು ಬಂದಿದ್ದು ನಾನು ಕಂಡೇ ಇಲ್ಲ. ಆವತ್ತು ಇಷ್ಟಿರ್ಲಿಲ್ಲ."

ಜಯಸಿಂಹ ಮುನೇಶ್ವರನ ಕಲ್ಲಿನ ಕಡೆ ನೋಡಿದ. ತಾನು ಹಾಕಿದ್ದ ಗುರುತಿಗಿಂತ ನೀರು ಒಂದಡಿಗೂ ಹೆಚ್ಚು ಮೇಲೇರಿತ್ತು.

"ಇವತ್ತಿನದು ಜಾಸ್ತಿ ನಿಜ. ಆವತ್ತು ಎದೆಮಟ್ಟ ಬಂದಿತ್ತು ಅಂದ್ರಲ್ಲ?"

"ಊಂ, ಎದೆಮಟ್ಟಾನೇ. ನಮ್ಮಪ್ಪ ಕೈ ಹಿಡ್ಕೊಂಡು ದಾಟಿಸಿದ್ದ. ಆಗ ನಂಗೆ ಏಳು ವರ್ಸ."

ಜಯಸಿಂಹನ ನಗು ಅಲ್ಲೇ ನಿಂತಿತು. ಏಳು ವರ್ಷದ ಹುಡುಗಿಯ ಎದೆ ಎಲ್ಲಿಗೆ ಬರುತ್ತದೆಂದು ಗಾಳಿಯಲ್ಲೇ ಕೈಯಿಟ್ಟು ನೋಡಿದ. ಏನಿಲ್ಲವೆಂದರೂ ಒಂದೂವರೆ ಅಡಿ ವ್ಯತ್ಯಾಸ. ಸೇತುವೆ ಅಷ್ಟು ತಗ್ಗಿದ್ದಿದ್ದರೆ ತೊಲೆ ಈಗ ನೀರೊಳಗಿರುತ್ತಿತ್ತು.

"ಯಾಕ್ ಸಾಮಿ, ತಪ್ಪಾಯ್ತಾ? ಎಷ್ಟು ವರ್ಸದಾಗೆ ಅಂತ ನೀವ್ ಕೇಳ್ಲಿಲ್ವಲ್ಲ," ಎಂದಳು ಅವಳು ಗಾಬರಿಯಿಂದ.

ಜಯಸಿಂಹ ಎದ್ದು ಹಾಲಿನ ಕ್ಯಾನನ್ನು ತಾನೇ ತೆಗೆದುಕೊಂಡು ಸೈಕಲ್ಲಿಗೆ ಸಿಕ್ಕಿಸಿದ.

"ಇಲ್ಲ ಅಜ್ಜೀ," ಎಂದ. "ನೀವು ಬೆಳೆದಿದ್ದೇ ಒಳ್ಳೇದಾಯ್ತು."