ಸಂಬಳಕ್ಕೆ ಬಂದವಳು

ಮೇಡಂ ಬಗ್ಗಿ ಗ್ಯಾಸ್ ಪೈಪಿಗೆ ಸೋಪಿನ ನೊರೆ ಹಚ್ಚುತ್ತಿದ್ದಳು. ಅವನು ಗೋಡೆಗೊರಗಿ ನೋಡುತ್ತಿದ್ದ. ಇವತ್ತು ಹೇಳಿಯೇಬಿಡಬೇಕು.

"ಗುಳ್ಳೆ ಎದ್ರೆ ಸೋರ್ತಿದೆ ಅಂತ ಅರ್ಥ. ನೋಡ್ಕೊಂಡ್ಯಾ?"

"ಹ್ಞೂಂ."

"ಹ್ಞೂಂ ಅಂದ್ರೆ ನೋಡ್ಕೊಂಡೆ ಅಂತಲೋ, ಎದ್ದು ನಡಿ ಅಂತಲೋ?"



ಅವನು ಸಾಕುಮನೆಗಳಲ್ಲಿ ಬೆಳೆದವನು. ಒಂದು ಮನೆಯವರಿಗೆ ಸಾಕಾದರೆ ಇನ್ನೊಂದು ಮನೆ. ಎಲ್ಲ ಮನೆಯ ಅಮ್ಮಂದಿರಿಗೂ ಅವನ ಲೆಕ್ಕದಲ್ಲಿ ಮಕ್ಕಳ ಕಲ್ಯಾಣ ಇಲಾಖೆಯಿಂದ ದುಡ್ಡು ಬರುತ್ತಿತ್ತು. ಬಡಿಸಲು ಒಬ್ಬರಿಗೆ, ಬುದ್ಧಿ ಹೇಳಲು ಇನ್ನೊಬ್ಬರಿಗೆ. ಹತ್ತಿರ ಬಂದವರೆಲ್ಲ ಸಂಬಳಕ್ಕೆ ಬಂದವರೇ. ಹದಿನೆಂಟು ತುಂಬಿದ ದಿನ ಈ ಮೇಡಂ ಅವನನ್ನು ಇಲಾಖೆಯ ಜೀಪಿನಲ್ಲಿ ತಂದು, ಈ ಕೋಣೆಯ ಬೀಗದ ಕೈ ಕೊಟ್ಟಿದ್ದಳು. ಅವನಂಥವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದೇ ಅವಳ ಕೆಲಸವಂತೆ. ಒಲೆ ಹಚ್ಚುವುದು, ಬ್ಯಾಂಕಿನಲ್ಲಿ ಮಾತಾಡುವುದು, ಜ್ವರ ಬಂದರೆ ಯಾರ ಬಾಗಿಲು ತಟ್ಟುವುದು.

ನಿಂತದ್ದಾಯಿತು. ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು. ಆದರೂ ಅವಳ ಕಾಟ ತಪ್ಪಲಿಲ್ಲ. ಮೊದಲು ವಾರದ ನಡುವೆ ಬರುತ್ತಿದ್ದವಳು ಈಗ ಭಾನುವಾರವೂ ಬಿಡಳು. ರಜೆಯ ದಿನಕ್ಕೆ ಹೆಚ್ಚಿನ ಭತ್ಯೆ ಇರಬೇಕು. ಜೀಪು ಬಿಟ್ಟು ಬಸ್ಸಿನಲ್ಲಿ ಬರುತ್ತಾಳೆ, ಸದ್ದಿಲ್ಲದೆ ಬಂದು ಹಿಡಿಯಲು. ಎದುರಿಗೆ ಏನೂ ಬರೆದುಕೊಳ್ಳುವುದಿಲ್ಲ. ಮನೆಗೆ ಹೋಗಿ ವರದಿ ಬರೆಯುತ್ತಾಳೆ, ಕಳ್ಳಿ.

ಗ್ಯಾರೇಜಿನವರ ಬಾಯಿಗಂತೂ ಲಗಾಮಿಲ್ಲ. "ಏನೋ ಸರ್ಕಾರಿ ಅಳಿಯ, ನಿಮ್ಮತ್ತೆ ಬಂದಿದ್ರಾ? ಹಲ್ಲುಜ್ಜಿಸಿ ಹೋದ್ರಾ?" ಅವನು ಸ್ಪ್ಯಾನರ್ ತಿರುಗಿಸುತ್ತಿದ್ದ, ಅಷ್ಟೇ. ಸಿಟ್ಟು ಹುಟ್ಟುವ ಜಾಗ ಎಂದೋ ಮರಗಟ್ಟಿತ್ತು.

ಮೇಡಂ ಸೆರಗಿಗೆ ಕೈ ಒರೆಸಿಕೊಂಡಳು. "ಬರೋ ವಾರ ಆ ಹರಿದ ಅಂಗಿ ತೆಗೆದಿಟ್ಟಿರು. ಹೊಲಿಯೋದು ಹೇಳ್ಕೊಡ್ತೀನಿ."

"ಬರೋ ವಾರ ಬರ್ಬೇಡಿ."

"ಯಾಕೋ, ಊರಿಗೇನಾದ್ರೂ ಹೊರಟ್ಯಾ?"

"ನಂಗ್ಯಾವ ಊರು? ಇನ್ಮೇಲೆ ಬರ್ಲೇಬೇಡಿ. ನನ್ನ ತೋರಿಸ್ಕೊಂಡು ಸಂಬಳ ಎಣಿಸಿದ್ದು ಸಾಕು. ನನ್ನ ಬಾಗಿಲು, ನನ್ನ ಬೀಗ. ನಿಮ್ಮ ಮೇಲಿನವರಿಗೆ ದೂರು ಕೊಡ್ತೀನಿ."

ಅವಳು ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ನಕ್ಕಳು.

"ಕೊಡು. ಅವರು ಇನ್ನು ನನ್ನನ್ನೇನೂ ಮಾಡೋಕಾಗಲ್ಲ ಕಣಪ್ಪ."

ಚಪ್ಪಲಿ ಮೆಟ್ಟಿ ಇಳಿದು ಹೋದಳು. ಅವನು ಬಾಗಿಲು ಹಾಕಿಕೊಂಡ. ಖುಷಿಯಾಗಬೇಕಿತ್ತು. ಏನೂ ಆಗಲಿಲ್ಲ.

ಏನು ಸೊಕ್ಕು! ಅದನ್ನು ಇಳಿಸಲೆಂದೇ ಮರುದಿನ ಅರ್ಧ ದಿನ ರಜೆ ಹಾಕಿ ಇಲಾಖೆಗೆ ಹೋದ. ಗುಮಾಸ್ತ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿದ್ದ.

"ನನ್ನ ರೂಮಿಗೆ ಒಬ್ಬ ಮೇಡಂನ ಕಳಿಸ್ತೀರಲ್ಲ, ಅವರನ್ನ ನಿಲ್ಲಿಸಿ."

"ಯಾವ ಮೇಡಂ?"

"ಕುಳ್ಳಗಿದ್ದಾರೆ. ಕನ್ನಡಕ. ಬಾಯಿ ಜೋರು."

ಅಲ್ಲಾಡುತ್ತಿದ್ದ ಕಾಲು ನಿಂತಿತು.

"ಹೋದ ವರ್ಷವೇ ಆ ಕೆಲಸ ರದ್ದು ಮಾಡಿ ಅವರನ್ನ ಮನೆಗೆ ಕಳಿಸಿದ್ವಲ್ಲಪ್ಪ. ಅವರಿನ್ನೂ ಬರ್ತಾರಾ?"