ಡುಪ್ಲಿಕೇಟ್ ಪ್ಲಗ್

“ಇದೂ ಡುಪ್ಲಿಕೇಟ್ ಐತ್ರಿ!” ನಿಶಾಂತ ಪ್ಲಗ್ಗನ್ನು ಗಾಜಿನ ಕೌಂಟರಿನ ಮೇಲೆ ಕುಕ್ಕಿದ.

ಕೋಠಿ ಬಜಾರಿನ ಆ ಅಂಗಡಿ ಮಾರುತ್ತಿದ್ದುದು ಹಾರುವ ಮಾಡೆಲ್ ವಿಮಾನಗಳನ್ನು. ಅವುಗಳ ಮುಷ್ಟಿಯಷ್ಟು ಇಂಜಿನ್‌ಗಳನ್ನು ಪರೀಕ್ಷಿಸುವುದು ನಿಶಾಂತನ ಕೆಲಸ. ಇಂಧನ ಹೊತ್ತಿಸುವ ಪ್ಲಗ್‌ನೊಳಗಿನ ಸುರುಳಿ ತಂತಿಗೆ ಕರೆಂಟ್ ಕೊಟ್ಟರೆ ಅದು ಕಾದು ಕೆಂಪಾಗಬೇಕು. ಕಾವು ಕಡಿಮೆಯಾದರೆ ಇಂಧನ ತಡವಾಗಿ ಹೊತ್ತುತ್ತದೆ. ಹೆಚ್ಚಾದರೆ ಅವಸರಕ್ಕೆ ಹೊತ್ತಿ ಇಂಜಿನ್ ಒದೆಯುತ್ತದೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಬರುತ್ತಿದ್ದುದು ಇದೊಂದೇ ವಿದ್ಯೆ: ತಂತಿಯ ಬಣ್ಣ ನೋಡಿ ಕಾವು ಹೇಳುವುದು.

ಈಚೆಗೆ ಅವನ ಕೈಯಲ್ಲಿ ಪ್ಲಗ್‌ಗಳು ಸುಟ್ಟುಹೋಗುತ್ತಿದ್ದವು. ಇವತ್ತೂ ಸುಟ್ಟರೆ ನಾಳೆಯಿಂದ ಬರಬೇಡ ಎಂದು ಮಾಲೀಕ ವಿಜಯಕುಮಾರ ಹೇಳಿಬಿಟ್ಟಿದ್ದ. ಹೇಳದೆ ಏನು ಮಾಡಿಯಾನು? ಅಸಲಿ ಮಾಲು ತೆಗೆದು ನಕಲಿ ಇಟ್ಟವನೂ ಅವನೇ ಇರಬೇಕು.

ಊರೇ ಕಳ್ಳರದ್ದು. ಬೆಳಿಗ್ಗೆ ನಾಂಪಲ್ಲಿಯಲ್ಲಿ ಸಿಗ್ನಲ್ ದೀಪ ಉರಿಯುತ್ತಲೇ ಇರಲಿಲ್ಲ. ಆದರೂ ಪೊಲೀಸಿನವ ಗಾಡಿ ಹಿಡಿದು ದಂಡದ ಚಲಾನು ಹರಿದು ಕೈಗಿಟ್ಟ. ಆಸ್ಪತ್ರೆಯವರೂ ಅಷ್ಟೆ. ಟಿಬಿ ಮಾತ್ರೆ ಕೊಡಲು ಅರ್ಧ ದಿನ ಕೂರಿಸಿ, ಮಾತ್ರೆಯಿಂದ ತೊಂದರೆಯಾದೀತು, ಹೊಟ್ಟೆ ನೋಡ್ಕೋ, ಕಣ್ಣು ನೋಡ್ಕೋ, ಕೀಲು ನೋಡ್ಕೋ ಎಂದು ಪುರಾಣ. ರೋಗ ಇದ್ದದ್ದು ಎದೆಯಲ್ಲಿ!

ವಿಜಯಕುಮಾರ ಪ್ಲಗ್ಗಿಗೆ ಬ್ಯಾಟರಿ ಹಚ್ಚಿ ಬಗ್ಗಿ ನೋಡಿದ. “ನಿಗಿನಿಗಿ ಉರಿಯಾಕತ್ತೈತಲ್ಲೋ ತಮ್ಮಾ! ಮೀಟರೂ ಸರಿ ತೋರಸ್ತೈತಿ.”

“ಮಾಲು ನಿಮ್ಮದು, ಮೀಟರೂ ನಿಮ್ಮದು. ಕಣ್ಣರ ನಂದೈತಿ, ಸಾವಕಾರ್ರ. ತಂತಿ ಬೂದಿ ಹಂಗ ಐತಿ.”

“ಬೂದಿ? ಹುಚ್ಚ ಹಿಡದೈತೇನಲೇ ನಿನಗ?”

“ಹಿಡಿಸಿದವ್ರು ಯಾರು?”

ನಿಶಾಂತ ಕರೆಂಟ್ ಹೆಚ್ಚಿಸುವ ಗುಂಡಿ ತಿರುಗಿಸಿದ. ಮೀಟರಿನ ಮುಳ್ಳು ಗೆರೆ ದಾಟಿತು. ಇನ್ನೂ ತಿರುಗಿಸಿದ. “ಸಾಕು, ಸಾಕಲೇ!” ಎಂದು ವಿಜಯಕುಮಾರ ಕೈ ಹಿಡಿಯುವಷ್ಟರಲ್ಲಿ ಟಿಕ್ ಎಂದಿತು. ತಂತಿ ತುಂಡಾಗಿತ್ತು.

“ನೋಡ್ರಿ. ನಾ ಹೇಳಲಿಲ್ಲ?”

ವಿಜಯಕುಮಾರ ಕೂಗಾಡಲಿಲ್ಲ. ಅದೇ ಕೆಟ್ಟದ್ದು. “ಊಟದ ಡಬ್ಬಿ ತಗೊಂಡು ನಡಿ. ನಾಳಿಂದ ಬರಬ್ಯಾಡ.”

ಮನೆಯಲ್ಲಿ ತಾಯಿ ಅಂಬುಬಾಯಿ ಆಗಷ್ಟೆ ಪೂಜೆ ಮುಗಿಸಿ ದೇವರ ಮುಂದಿನಿಂದ ಎದ್ದಿದ್ದಳು.

“ಯಾಕೋ, ಇಷ್ಟ್ ಲಗೂನ? ಕೆಮ್ಮು ಹೆಚ್ಚಾತೇನು?”

“ಕೆಲಸ ಹೋತು.”

ಅವಳು ಗೋಡೆಗೆ ಒರಗಿ ಕೂತಳು. ಮಗನ ಮುಖವನ್ನೇ ನೋಡಿದಳು. ಆ ನೋಟ ಅವನಿಗೆ ಸಹಿಸಲಾಗಲಿಲ್ಲ. ಯಾರ ಮೇಲಾದರೂ ಹರಿಹಾಯಬೇಕಿತ್ತು.

“ನೀ ಹಿಂಗ ಬೋಳು ಹಣಿ ಇಟ್ಕೊಂಡು ಕುಂತರ ಮನಿ ಉದ್ಧಾರ ಆಗತೈತೇನು? ಅಪ್ಪ ಇನ್ನೂ ಜೀವಂತ ಅದಾನ. ಮೊದಲ ಎದ್ದು ಕುಂಕುಮ ಹಚ್ಕೋ!”

ಅಂಬುಬಾಯಿ ಗಾಬರಿಯಿಂದ ಹಣೆ ಮುಟ್ಟಿಕೊಂಡಳು. ಕಾಸಿನಗಲದ ಹಸಿ ಕುಂಕುಮ ಬೆರಳಿಗೆ ಅಂಟಿ ಕೆಂಪಗೆ ಹೊಳೆಯಿತು.