ಏಳು ಗಡಿಕಲ್ಲು

"ಕಲ್ಲು ಸರಿಸಿದ್ದು ನೀನೇನಾ?"

ಅಧಿಕಾರಿ ಇದನ್ನು ಕೇಳುತ್ತಿದ್ದುದು ಮೂರನೆಯ ಸಲ. ಮೇಜಿನ ಎದುರಿಗೆ ಕಲ್ಲಕ್ಕ ನಿಂತಿದ್ದಳು. ಕುರ್ಚಿ ತೋರಿಸಿದರೂ ಕೂತಿರಲಿಲ್ಲ. ಕೂತರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವಳ ಎಣಿಕೆ.

"ಕಲ್ಲನ್ನ ಅದರ ಜಾಗದಲ್ಲಿ ನೆಡೋದೇ ನನ್ನ ಕೆಲಸ ಸಾರ್," ಎಂದಳು.

ಕಚೇರಿಯ ಕಡತದಲ್ಲಿ ಅವಳ ಹೆಸರು ಬೇರೆಯೇ ಇತ್ತು. ಆದರೆ ಗಡಿಕಲ್ಲು ಕೆತ್ತಿ, ನಂಬರು ಹೊಡೆದು, ಬೆಟ್ಟ ಹತ್ತಿ ನೆಡುವ ಕಸುಬನ್ನು ಅಪ್ಪನಿಂದ ಕಲಿತು ಮೂವತ್ತು ವರ್ಷ ಮಾಡಿದವಳನ್ನು ಊರು ಇನ್ನೇನೆಂದು ಕರೆದೀತು? ಮೂರು ವರ್ಷದ ಹಿಂದೆ ಬೆಟ್ಟವನ್ನು ರಕ್ಷಿತ ಪ್ರದೇಶವೆಂದು ಸಾರಿದಾಗ ಸುತ್ತ ನಲವತ್ತು ಕಲ್ಲು ನೆಟ್ಟವಳೂ ಅವಳೇ. ಆ ಕಲ್ಲುಗಳ ಗೆರೆಯಿಂದ ಮೇಲಕ್ಕೆ ಯಾರೂ ವಾಸಿಸುವಂತಿಲ್ಲ. ಹೋದ ತಿಂಗಳು ಅಲ್ಲಿನ ಹನ್ನೊಂದು ಮನೆಗಳಿಗೆ ನೋಟಿಸು ಬಂದಿತ್ತು. ಆಡು ಸಾಕುವವರು, ಜೇನು ಕೀಳುವವರು, ತಲೆಮಾರುಗಳಿಂದ ಅಲ್ಲೇ ಹುಟ್ಟಿ ಅಲ್ಲೇ ಸತ್ತವರು. ಮೂವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಬೆಟ್ಟ ಉಳಿಯಬೇಕಲ್ಲ!

ಈಗ ಏಳು ಕಲ್ಲು ಜಾಗ ಬದಲಿಸಿವೆಯೆಂದು ದೂರು. ಕೊಟ್ಟವನು ಬೆಟ್ಟದ ಹೋಟೆಲಿನ ಮ್ಯಾನೇಜರು. ಎಲ್ಲಿಂದ ಎಲ್ಲಿಗೆ ಎಂದು ಅವನು ಬರೆದಿರಲಿಲ್ಲ. ಅಧಿಕಾರಿ ವರ್ಗವಾಗಿ ಬಂದು ನಾಲ್ಕೇ ದಿನ, ಅವನೂ ಕೇಳಲಿಲ್ಲ. ಮನೆ ಹೋಗುತ್ತದೆ ಎಂದಾಗ ಜನ ಗಡಿಯನ್ನು ಮೇಲಕ್ಕೆ ತಳ್ಳುತ್ತಾರೆ, ಇದರಲ್ಲಿ ಕೇಳುವುದೇನಿದೆ?

"ಮನೆಗೋಸ್ಕರ ತಾನೆ ಇದೆಲ್ಲ?" ಎಂದ.

"ಮನೆ ಮೇಲೆ ಆಸೆ ಯಾರಿಗಿರಲ್ಲ ಸಾರ್?"

ಬಾಗಿಲಲ್ಲಿ ನಿಂತಿದ್ದ ಅವಳ ತಮ್ಮ ಹಣೆ ಚಚ್ಚಿಕೊಂಡ. ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಬದುಕುವವನು. ನಿನ್ನೆ, ಕಚೇರಿಯವರೆಲ್ಲ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳಲು ಪಟ್ಟಣಕ್ಕೆ ಹೋಗಿದ್ದಾಗ, ಹಾಡುಹಗಲೇ ಕಲ್ಲು ಹೊತ್ತದ್ದು ಅವನ ಕತ್ತೆಗಳೇ. ಅಕ್ಕನಿಗೆ ಇಲ್ಲ ಎನ್ನಲಾರದೆ ಕೊಟ್ಟಿದ್ದ, ಕೊಟ್ಟಾಗಿನಿಂದ ಬೈಯುತ್ತಲೇ ಇದ್ದ.

"ಬಾಯಿ ಮುಚ್ಕೊಂಡು ಸುಮ್ನೆ ಇದ್ದಿದ್ರೆ ಮನೆಯಾದ್ರೂ ಉಳೀತಿತ್ತಲ್ಲಕ್ಕ," ಎಂದು ಈಗಲೂ ಗೊಣಗಿದ.

ಕಲ್ಲಕ್ಕ ಅವನತ್ತ ತಿರುಗಲಿಲ್ಲ. ಬಾಯಿಮಾತು ಯಾಕೆ, ಬೆಟ್ಟಕ್ಕೇ ಹೋಗಿ ಅಗೆದು ನೋಡೋಣ, ಯಾವ ಕಲ್ಲು ಎಲ್ಲಿತ್ತೋ ನೆಲವೇ ಹೇಳುತ್ತದೆ ಎಂದಳು. ಕಳ್ಳಿಗೆ ಇಷ್ಟು ಧೈರ್ಯವೇ ಎಂದು ಅಧಿಕಾರಿಗೆ ರೇಗಿತು. ಗುದ್ದಲಿ ತರಿಸಿದ.

ಹೋಟೆಲಿನ ಗೇಟು ಮುಟ್ಟುವಷ್ಟರಲ್ಲಿ ಅವನು ಏದುಸಿರು ಬಿಡುತ್ತಿದ್ದ. 'ಒಂದು ಎಲೆಯನ್ನೂ ಕೀಳಬೇಡಿ' ಎಂದು ಗೇಟಿನ ಮೇಲೆ ಬೋರ್ಡು. ಅದರ ಹಿಂದೆ ಬೆಟ್ಟದ ಪಕ್ಕೆಯನ್ನೇ ಕಡಿದು ಮಾಡಿದ ಈಜುಕೊಳ. ಹದಿನೇಳನೆಯ ಕಲ್ಲು ಗೇಟಿಗಿಂತ ಹತ್ತು ಮಾರು ಕೆಳಗೆ ನಿಂತಿತ್ತು.

ಅಧಿಕಾರಿ ಕಲ್ಲನ್ನು ನೋಡಿದ, ಗೇಟನ್ನು ನೋಡಿದ. ಕಲ್ಲು ಮೇಲೆ ಹೋಗಿರಲಿಲ್ಲ, ಕೆಳಕ್ಕೆ ಇಳಿದಿತ್ತು. ಇಡೀ ಹೋಟೆಲು ಈಗ ಗೆರೆಯ ಒಳಗಿತ್ತು.

ಮ್ಯಾನೇಜರು ಓಡಿ ಬಂದ. ಈ ಕಲ್ಲು ಎರಡು ವರ್ಷದಿಂದ ಹೋಟೆಲಿನ ಮೇಲುಗಡೆ ಇತ್ತೆಂದು ಹೇಳಿ, ಅಲ್ಲಿ ಹೊಸದಾಗಿ ಕಿತ್ತ ಗುಂಡಿಯನ್ನು ತೋರಿಸಿದ. ಅಂಚಿನಲ್ಲಿ ಒಡೆದ ಸಿಮೆಂಟಿತ್ತು. ಎರಡು ವರ್ಷದ ಹಿಂದೆ ಎಲ್ಲಿತ್ತು ಎಂದು ಅಧಿಕಾರಿ ಕೇಳಿದ. ಮ್ಯಾನೇಜರು ಬೂಟು ನೋಡಿಕೊಂಡ.

ಆ ಗುಂಡಿಯನ್ನು ಮೊಳದಾಳ ಅಗೆದರು. ಬರೀ ಮಣ್ಣು. ಆಮೇಲೆ ಕೆಳಗಿನ ಕಲ್ಲನ್ನು ಎಬ್ಬಿಸಿ ಅಗೆದರು. ಗುದ್ದಲಿಗೆ ಕಪ್ಪು ಹತ್ತಿತು.

"ಇದ್ದಿಲು ಸಾರ್," ಎಂದಳು ಕಲ್ಲಕ್ಕ. "ಕಲ್ಲು ನೆಡೋ ಮುಂಚೆ ತಳಕ್ಕೆ ಒಂದು ಬುಟ್ಟಿ ಹಾಕ್ತೀವಿ. ಕೊಳೆಯಲ್ಲ, ಗೆದ್ದಲು ತಿನ್ನಲ್ಲ. ಕಲ್ಲು ಕೀಳೋರು ಇದ್ದಿಲು ಕೀಳಲ್ಲ. ಇದೆ ಅಂತ ಅವರಿಗೆ ಗೊತ್ತೇ ಇರಲ್ಲ."

ನಿನ್ನೆ ಹಾಕಿರಬೇಕು ಎಂದ ಮ್ಯಾನೇಜರು. ಅಧಿಕಾರಿ ಒಂದು ಹೆಂಟೆ ಎತ್ತಿ ನೋಡಿದ. ಇದ್ದಿಲಿನ ಚೂರುಗಳ ನಡುವೆ ಬೇರುಗಳು ಹೆಣೆದುಕೊಂಡಿದ್ದವು. ಬೇರು ಒಂದು ದಿನದಲ್ಲಿ ಹೆಣೆಯುವುದಿಲ್ಲ. ಏಳೂ ಕಲ್ಲುಗಳ ಕೆಳಗೆ ಇದೇ ಕಥೆ. ಹೋಟೆಲಿನವರು ಕಿತ್ತು ಮೇಲೆ ಸಾಗಿಸಿದ್ದ ಗಡಿಯನ್ನು ಅವಳು ತಂದು ಅದರ ಜಾಗದಲ್ಲೇ ನೆಟ್ಟಿದ್ದಳು.

"ಬೆಟ್ಟ ಉಳಿಸೋದಾದ್ರೆ ಪೂರ್ತಿ ಉಳಿಸಿ ಸಾರ್. ಹೋಗೋದಾದ್ರೆ ಎಲ್ಲರೂ ಹೋಗೋಣ. ಇವರು ಇರ್ತಾರೆ ಅಂದ್ರೆ, ಮೇಲಿನೋರೂ ಒಂದು ಹೆಜ್ಜೆ ಕದಲಲ್ಲ."

ಮ್ಯಾನೇಜರು ಆಗಲೇ ಫೋನಿನಲ್ಲಿದ್ದ. ಖಾಲಿ ಮಾಡಿಸುವ ಆದೇಶವನ್ನೇ ಇವತ್ತೇ ತಡೆಯಬೇಕು, ಯಾರ ಕಾಲು ಹಿಡಿದಾದರೂ ಸರಿ ಎಂದು ಮಾಲೀಕನಿಗೆ ಅಂಗಲಾಚುತ್ತಿದ್ದ. ಕಲ್ಲಕ್ಕ ಅದನ್ನು ಕಿವಿಗೊಟ್ಟು ಕೇಳಿದಳು. ಹನ್ನೊಂದು ಮನೆಯವರು ತಿಂಗಳಿಡೀ ಕಚೇರಿಗೆ ಅಲೆದರೂ ಆಗದ ಕೆಲಸಕ್ಕೆ ಕಡೆಗೂ ಒಬ್ಬ ದೊಡ್ಡ ವಕೀಲ ಸಿಕ್ಕಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

ಅಧಿಕಾರಿ ಬಂಡೆಯ ಮೇಲೆ ಕೂತು ಮಹಜರು ಬರೆದ. ಹೊಸದಾಗಿ ಗೆರೆಯೊಳಗೆ ಬಂದ ಕಟ್ಟಡಗಳನ್ನು ಪಟ್ಟಿ ಮಾಡಬೇಕಿತ್ತು. ಮೊದಲನೆಯದು ಹೋಟೆಲು. ತಲೆಯೆತ್ತಿದಾಗ ಅದರ ಪಕ್ಕದಲ್ಲೇ ತಗಡಿನ ಮಾಡಿನ ಒಂದು ಪುಟ್ಟ ಮನೆ ಕಂಡಿತು. ನೋಟಿಸು ಹೋದ ಹನ್ನೊಂದು ಮನೆಗಳ ಪಟ್ಟಿಯನ್ನು ಎರಡು ಸಲ ತಿರುವಿ ಹಾಕಿದ. ಇದು ಅದರಲ್ಲಿ ಇರಲಿಲ್ಲ.

"ಅದು ಯಾರ ಮನೆಯಮ್ಮಾ? ಪಾಪ, ನಿನ್ನೆವರೆಗೂ ಗೆರೆಯಿಂದ ಆಚೆ ಇತ್ತು. ಅವರಿಗೆ ನೋಟಿಸೇ ಬಂದಿರಲಿಲ್ಲ."

"ನಂದೇ ಸಾರ್," ಎಂದಳು ಕಲ್ಲಕ್ಕ. "ಹನ್ನೆರಡನೇ ನೋಟಿಸು ಬರೀರಿ."